ಅಣ್ಣನ ಪರವಾಗಿ ಕಿತ್ತ ಹಲ್ಲು

ಅಣ್ಣ ಫಕೀರಪ್ಪನ ಬಾಯಿಹುಣ್ಣು ಕ್ಯಾನ್ಸರ್ ಎಂಬ ಸುದ್ದಿಯನ್ನು ಮನೆಯವರೆಲ್ಲ ಅವನಿಂದ ಮುಚ್ಚಿಟ್ಟಿದ್ದರು. ತಿಳಿದರೆ ಎದೆ ಒಡೆದುಕೊಂಡಾನು ಎಂಬ ಭಯ. ಪರೀಕ್ಷೆಗೆ ಕಳಿಸಿದ್ದ ಹುಣ್ಣಿನ ಚೂರಿನ ರಿಪೋರ್ಟು ಬಂದ ದಿನ ಆಸ್ಪತ್ರೆಯಲ್ಲಿ ತಮ್ಮ ಮುದುಕಪ್ಪ ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ತಾನೇ ಫಕೀರಪ್ಪನೆಂದು ಹೇಳಿಕೊಂಡು ಒಳಗೆ ಹೋದ. ಡಾಕ್ಟರಮ್ಮ ಹೊಸಬರು, ಫಕೀರಪ್ಪನ ಮುಖ ಕಂಡವರಲ್ಲ.

“ಈ ರೋಗದ ಕಣದ ಮ್ಯಾಲ ಅದನ್ನ ಬೆಳಸೋ ಕೊಂಡಿ ಅಂತ ಇರ್ತಾವ್ರಿ, ಯಜಮಾನ್ರ. ನಿಮ್ಮ ಹುಣ್ಣಿನ್ಯಾಗ ಅವು ಬಾಳ ಕಡಿಮಿ ಅದಾವ. ಗುಣ ಆಗೋ ಭರವಸೆ ಐತಿ.”

ಮುದುಕಪ್ಪನ ಕಣ್ಣು ತುಂಬಿ ಬಂತು. “ಇಷ್ಟ ಸಾಕ್ರೀ, ತಾಯಿ!”

“ಹುಣ್ಣಿಗೆ ಕರೆಂಟ್, ಅಂದ್ರ ರೇಡಿಯೇಶನ್, ಕೊಡೋಕಿಂತ ಮೊದಲ ಹುಳುಕ ಹಲ್ಲು ಕೀಳಬೇಕ್ರಿ. ಬಾಜೂ ಖೋಲ್ಯಾಗ ಹಲ್ಲಿನ ಡಾಕ್ಟರ್ ಅದಾರ, ಈಗ ಹೋಗ್ರಿ.”

ನಿಜ ಹೇಳೋಣವೆಂದರೆ ಅರ್ಧ ತೆರೆದ ಬಾಗಿಲಲ್ಲಿ ಅಣ್ಣ ಇಣುಕುತ್ತಿದ್ದಾನೆ. ಮುದುಕಪ್ಪ ಎದ್ದು ಪಕ್ಕದ ಕೋಣೆಗೆ ಹೋದ. ತನ್ನವೇ ಎರಡು ಹುಳುಕು ದವಡೆಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಹೊರಬಂದ.

ಫಕೀರಪ್ಪ ತಮ್ಮನ ಬೆನ್ನು ಸವರಿದ.

“ಬಾಗಿಲಾಗ ನಿಂತು ಎಲ್ಲಾ ಕೇಳಿಸ್ಕೊಂಡೆ. ನಿನ್ನ ರೋಗಕ್ಕ ಅಂಜಬ್ಯಾಡೋ ತಮ್ಮಾ. ನನಗೂ ಅದ ರೋಗ ಆಗೇತಿ. ನೀವೆಲ್ಲಾ ಅಳ್ತೀರಂತ ನಾ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.”