ಕೊನೆಯದಾಗಿ ಒತ್ತಿದ ನಂಬರು

"ರೀಡಯಲ್ ಗುಂಡಿ ಸರಿಹೋಯ್ತಾ ಅಣ್ಣ? ಬೇರೆ ಯಾವ ನಂಬರೂ ಒತ್ತಿಲ್ಲ ತಾನೇ?" ಎನ್ನುತ್ತಲೇ ಆಕೆ ಅಂಗಡಿಯ ಮೆಟ್ಟಿಲು ಹತ್ತಿದಳು.

ಮೆಕ್ಯಾನಿಕ್‌ನ ಎದೆ ಧಸಕ್ಕೆಂದಿತು. ಬೆಳಿಗ್ಗೆ ಈ ವಯರಿನ ಹಳೇ ಫೋನು ಕೊಟ್ಟಾಗ ಆಕೆ ಹೇಳಿದ್ದು, "ಇದೊಂದು ಗುಂಡಿ ಕೆಲಸ ಮಾಡ್ತಿಲ್ಲ" ಎಂದಷ್ಟೇ. ಚೀಟಿಯಲ್ಲಿ ತನ್ನ ಮೊಬೈಲ್ ನಂಬರು ಬರೆದಿಟ್ಟು ಹೋಗಿದ್ದಳು. ಅವನು ಗುಂಡಿಯ ಕೆಳಗಿನ ರಬ್ಬರನ್ನು ಒರೆಸಿ, ಮೂವತ್ತು ವರ್ಷದ ಅಭ್ಯಾಸಬಲದಿಂದ ಒಂದರಿಂದ ಸೊನ್ನೆಯವರೆಗೆ ಎಲ್ಲವನ್ನೂ ಒತ್ತಿ ಪರೀಕ್ಷೆ ಮಾಡಿ ಮುಗಿಸಿದ್ದ.

"ಯಾಕಮ್ಮ?" ಎಂದ.

"ಅಪ್ಪನ ಫೋನು. ಅವರು ಹೋಗಿ ಹದಿನೈದು ದಿನ ಆಯ್ತು. ಎರಡು ವರ್ಷದಿಂದ ನಮ್ಮಿಬ್ಬರಿಗೂ ಮಾತಿರ್ಲಿಲ್ಲ. ಅವಳೇ ಮೊದಲು ಫೋನ್ ಮಾಡ್ಲಿ ಅಂತ ಅವರು, ಅವರೇ ಮಾಡ್ಲಿ ಅಂತ ನಾನು. ಕೊನೇ ದಿನ ಸಂಜೆ ಯಾರಿಗೋ ಫೋನ್ ಮಾಡ್ತಾ ಕೂತಿದ್ರಂತೆ, ಪಕ್ಕದ ಮನೆಯಾಕೆ ನೋಡಿದ್ದಾರೆ. ನಾನು ರೈಲಲ್ಲಿದ್ದೆ, ಮೊಬೈಲ್ ಆಫ್ ಆಗಿತ್ತು. ಯಾರಿಗೆ ಮಾಡಿದ್ರೋ ಗೊತ್ತಾಗ್ಬೇಕು ಅಣ್ಣ. ಇದರೊಳಗಿನ ಬ್ಯಾಟರಿ ಸೆಲ್ ತೆಗೆದ್ರೆ ನಂಬರು ಅಳಿಸಿಹೋಗುತ್ತೇಂತ ಸೆಲ್ ಸಮೇತ ಹೊತ್ಕೊಂಡು ಬಂದೆ. ಬೆಳಿಗ್ಗೆ ಇದನ್ನೆಲ್ಲ ಹೇಳೋಕೆ ಬಾಯಿ ಬರ್ಲಿಲ್ಲ."

ಆಕೆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. ಮುಖದಲ್ಲಿ ಹಳೆಯ ನಗುವೊಂದು ಮೂಡಿತು. "ಅಪ್ಪ ನಂಬರನ್ನ ಗಟ್ಟಿಯಾಗಿ ಓದ್ಕೊಂಡು ಒಂದೊಂದೇ ಒತ್ತೋರು, ಇಡೀ ಬೀದಿಗೆ ಕೇಳಿಸೋ ಹಾಗೆ. ನಾನು ಹಾಸ್ಟೆಲ್ ಸೇರಿದ ದಿನಾನೇ ಮೆಮೊರಿಯ ಮೊದಲನೇ ಗುಂಡಿಗೆ ಅಲ್ಲಿನ ನಂಬರು ತುಂಬಿಸಿದ್ರು. ನೋಡಿ, ಗುಂಡಿ ಪಕ್ಕ ಅಂಟಿಸಿದ ಚೀಟಿ ಇನ್ನೂ ಇದೆ." ಮಾಸಿದ ಶಾಯಿಯಲ್ಲಿ 'ಪುಟ್ಟಿ' ಎಂದಿತ್ತು.

"ಅದನ್ನ ಇಷ್ಟು ವರ್ಷ ಕಿತ್ತಿಲ್ಲವಲ್ಲ. ಸಾಲದೇನಮ್ಮ?"

"ಅದು ಆಗಿನ ಪ್ರೀತಿ ಅಣ್ಣ. ನನಗೆ ಈಗಿಂದು ಬೇಕು."

ಹಿಂದೆ ಈ ಮೇಜಿನ ಮೇಲೆ ಇಂಥ ಫೋನುಗಳು ರಾಶಿ ಬೀಳುತ್ತಿದ್ದವು. ಪ್ರತಿ ಫೋನಿನ ಹಿಂದೆ ಒಂದು ಮನೆಯ ಕಥೆ ಬರುತ್ತಿತ್ತು. ಅವುಗಳ ಒಳಗಿನ ಚಿಪ್‌ನ ಸ್ವಭಾವ ಅವನಿಗೆ ಹೆಂಡತಿಯ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತು. ಮೆಮೊರಿ ಗುಂಡಿಗೆ ತುಂಬಿಸಿದ್ದು ಹಾಗೇ ಉಳಿಯುತ್ತದೆ. ರೀಡಯಲ್ ಮಾತ್ರ ಕೊನೆಗೆ ಒತ್ತಿದ ಒಂದೇ ನಂಬರು ನೆನಪಿಡುತ್ತದೆ, ಹೊಸದು ಬಂದರೆ ಹಳೆಯದು ಹೇಳಹೆಸರಿಲ್ಲ. ಬೆಳಗಿನ ಪರೀಕ್ಷೆಯಲ್ಲೇ ಅದು ಅಳಿಸಿಹೋಗಿತ್ತು. ನಿಜ ಹೇಳಲೆಂದು ಅವನು ಬಾಯಿ ತೆರೆದ. ಆಕೆಯ ಕಣ್ಣು ನೋಡಿ ಧೈರ್ಯ ಸಾಲಲಿಲ್ಲ.

"ಒಂದು ಬೆಸುಗೆ ಬಾಕಿ ಇದೆ. ಎದುರುಗಡೆ ಒಂದು ಚಹಾ ಕುಡಿದು ಬನ್ನಿ, ಹತ್ತು ನಿಮಿಷ."

ಆಕೆ ರಸ್ತೆ ದಾಟಿದಳು. ಅವನು ಕರೆ ಹೋಗದ ಹಾಗೆ ಲೈನಿನ ವಯರು ಕಿತ್ತು, ಫೋನಿಗೆ ಮೇಜಿನ ಮೇಲಿನ ಕರೆಂಟು ಕೊಟ್ಟ. ಆಕೆಯೇ ಬರೆದಿಟ್ಟ ಮೊಬೈಲ್ ನಂಬರನ್ನು ನೋಡಿಕೊಂಡು ಹತ್ತು ಅಂಕಿಗಳನ್ನೂ ನಿಧಾನವಾಗಿ ಒತ್ತಿದ. ಸರಿಯಾಗಿರುವ ಫೋನೊಂದನ್ನು ಜೀವಮಾನದಲ್ಲಿ ಮೊದಲ ಸಲ ಕೆಡಿಸುತ್ತಿದ್ದೇನೆ ಎನ್ನಿಸಿತು. ಆದರೂ ಕೊನೆಯ ಅಂಕಿಯವರೆಗೆ ಒತ್ತಿ, ಮತ್ತೆ ಲೈನು ಸಿಕ್ಕಿಸಿಟ್ಟ.

ಆಕೆ ವಾಪಸು ಬಂದು, ರಿಸೀವರ್ ಕಿವಿಗಿಟ್ಟು, ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಹತ್ತು ಸದ್ದುಗಳು ಸರಸರನೆ ಓಡಿದವು. ಆಮೇಲೆ ನಿಶ್ಶಬ್ದ. ಆಮೇಲೆ ಆಕೆಯ ಚೀಲದೊಳಗೆ ಮೊಬೈಲು ಬಡಿದುಕೊಳ್ಳತೊಡಗಿತು.

ಆಕೆ ಅದನ್ನು ಎತ್ತಲಿಲ್ಲ. ರಿಸೀವರಿನಲ್ಲಿ ರಿಂಗಾಗುವುದನ್ನೇ ಕೇಳುತ್ತ, ಕೆನ್ನೆಯ ಮೇಲಿನ ನೀರನ್ನೂ ಒರೆಸಿಕೊಳ್ಳದೆ ಕುಳಿತಳು. ಅದು ತಾನಾಗಿ ನಿಂತ ಮೇಲೆ, "ಎಷ್ಟು ಸಲ ಒತ್ತಿದ್ರೋ ಪಾಪ" ಎಂದಳು.

ಫೋನನ್ನು ಎದೆಗವಚಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. "ಅಣ್ಣ, ಇದು ತಪ್ಪು ನಂಬರು ಹಿಡ್ಕೊಂಡಿರೋದು ಏನಾದ್ರೂ ಉಂಟಾ?"

ಮೆಕ್ಯಾನಿಕ್ ತಲೆ ಎತ್ತದೆ ಹೇಳಿದ: "ಮಷೀನು ಕಣಮ್ಮ ಅದು. ಮರೀಬಹುದು, ಸುಳ್ಳು ಹೇಳೋಕೆ ಬರಲ್ಲ."