ಎರಡಿದ್ದರೆ ಒಂದು

ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ನರ್ಸ್, ಚಹಾ ಕಾಯಿಸೋಣವೆಂದು ಅಡುಗೆಮನೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಲೆಯ ಕಟ್ಟೆ ಬೋಳುಬೋಳಾಗಿತ್ತು. ಫ್ರಿಜ್ಜಿನ ಮೇಲಿರುತ್ತಿದ್ದ ಹಳೆಯ ಬಿಸ್ಕತ್ತಿನ ಡಬ್ಬ ಕಾಣಲಿಲ್ಲ.

"ಹೇಗಿದೆ ಅತ್ತಿಗೆ?" ರಜೆಗೆಂದು ತವರಿಗೆ ಬಂದಿದ್ದ ನಾದಿನಿ ಹಿಂದಿನಿಂದ ಬಂದು ಕೇಳಿದಳು. ಮನೆಯನ್ನು ಒಪ್ಪವಾಗಿಡುವ ಬಗ್ಗೆ ಆನ್‌ಲೈನಿನಲ್ಲಿ ಕೋರ್ಸ್ ಮುಗಿಸಿದಾಗಿನಿಂದ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಕಸವೇ. "ಆ ಡಬ್ಬದ ತುಂಬ ಅಡುಗೆ ಚೀಟಿಗಳು, ಒಂದಕ್ಕೂ ತಲೆಬುಡ ಇರ್ಲಿಲ್ಲ. ಈಗ ನೋಡಿ!"

ಹೊಸ ಫೈಲು. ಪ್ಲಾಸ್ಟಿಕ್ ಕವರಿನೊಳಗೆ ಒಂದೊಂದೇ ಚೀಟಿ. ನರ್ಸ್ ಹಾಳೆ ಮಗುಚುತ್ತ ಹೋದಳು. ಎಲ್ಲ ಅತ್ತೆಯ ದುಂಡು ಅಕ್ಷರ.

"ನಮ್ಮಮ್ಮನ ಚೀಟಿಗಳು?"

"ಕುಂಬಳಕಾಯಿ ಸೂಪಿಗೆ ಎರಡು ಚೀಟಿ, ಕೇಕಿಗೆ ಎರಡು. ಎರಡಿದ್ರೆ ಒಂದನ್ನ ತೆಗೀಬೇಕು ಅತ್ತಿಗೆ, ಕೋರ್ಸಲ್ಲಿ ಅದೇ ಮೊದಲ್ನೇ ಪಾಠ. ಅದೂ ಅಲ್ದೆ, ಆ ಕಾಗೆ ಕಾಲು ಗುಬ್ಬಿ ಕಾಲು ಯಾರಿಗೆ ಓದೋಕಾಗುತ್ತೆ? ರದ್ದಿ ಪೇಪರ್ ಜೊತೆ ಕೊಟ್ಬಿಟ್ಟೆ."

ನರ್ಸಿಗೆ ಮೈಯೆಲ್ಲ ಉರಿದುಹೋಯಿತು. ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ, ಮಗಳಿಗೆ ಇರಲಿ ಎಂದು ಅಮ್ಮ ಎಡಗೈಯಲ್ಲಿ ಗೀಚಿದ್ದ ಅಕ್ಷರ ಅದು. ಆ ವರ್ಷವೇ ಅಮ್ಮ ತೀರಿಕೊಂಡಿದ್ದಳು.

ಚಪ್ಪಲಿ ಮೆಟ್ಟಿಕೊಂಡು ಬೀದಿಯ ತುದಿಯ ಗುಜರಿ ಅಂಗಡಿಗೆ ಓಡಿದಳು. ಅಂಗಡಿಯವನು ಖಾಲಿ ಮೂಲೆಯತ್ತ ಕೈ ತೋರಿಸಿದ. ಕಾಗದದ ಮೂಟೆಗಳನ್ನು ತುಂಬಿಕೊಂಡು ಲಾರಿ ಆಗಲೇ ಹೊರಟುಹೋಗಿತ್ತು.

ಬರಿಗೈಯಲ್ಲಿ ಮನೆಗೆ ಬಂದರೆ, ಗಂಡ ಟೀವಿಯ ಸದ್ದು ತಗ್ಗಿಸಿ ಸಮಾಧಾನ ಹೇಳಿದ. "ಹೋಗ್ಲಿ ಬಿಡೇ, ಅವಳೇನು ಬೇಕಂತ ಮಾಡಿದ್ಳಾ? ಒಂದು ಚೀಟಿಗೆ ಇಷ್ಟು ರಂಪಾನಾ?"

"ಚೀಟಿ ಒಂದೇ ಏನ್ರೀ? ಮನೇಲಿ ಎರಡು ಬೀರು ಇತ್ತು, ಜಾಗ ಸಾಲಲ್ಲ ಅಂತ ನನ್ನದು ಹೋಯ್ತು. ಎರಡು ಹೊಲಿಗೆ ಮೆಷಿನ್ ಇತ್ತು, ಆಗ್ಲೂ ನನ್ನದೇ ಹೋಯ್ತು. ಸುಮ್ನಿದ್ದೆ. ಎರಡಿದ್ದಾಗಲೆಲ್ಲ ಹೆಚ್ಚಾಗೋದು ನನ್ನದೇ ಯಾಕೆ? ಒಂದು ಸಲಾನಾದ್ರೂ ನಿಮ್ಮದು ಹೆಚ್ಚಾಗ್ಲಿಲ್ವಲ್ಲ!"

ನಾದಿನಿಯ ಮುಖ ಪೆಚ್ಚಾಯಿತು. "ಅತ್ತಿಗೆ, ನೀವು ಬಾಯಲ್ಲಿ ಹೇಳಿ, ನಾನು ನೀಟಾಗಿ ಟೈಪ್ ಮಾಡಿ..."

"ನೀನು ಸುಮ್ನಿರೆ," ಎಂದರು ಅತ್ತೆ. ಅಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಕೂತಿದ್ದವರು ಎದ್ದು ಬಂದು, ಫೈಲಿನಿಂದ ಸೂಪಿನ ಚೀಟಿಯನ್ನು ಹೊರಗೆಳೆದರು. ಸೊಸೆ, ಇನ್ನೇನು ಮಗಳ ಪರ ಮಾತು ಬರುತ್ತದೆಂದು ಸೆಟೆದು ನಿಂತಳು.

ಅತ್ತೆ ಚೀಟಿಯನ್ನು ಬೆಳಕಿಗೆ ಹಿಡಿದರು.

"ಅಕ್ಷರ ನನ್ನದೇ ಕಣಮ್ಮ. ಆದ್ರೆ ಅಡುಗೆ ನಮ್ಮತ್ತೇದು. ಈ ಮನೆಗೆ ಬಂದ ವಾರದಲ್ಲೇ ಕೂರಿಸಿ ಬರೆಸಿದ್ರು, ಇಲ್ಲಿ ಹೀಗೇ ಮಾಡೋದು ಅಂತ. ನಮ್ಮಮ್ಮನೂ ಸೂಪು ಮಾಡ್ತಿದ್ಳು. ಅದಕ್ಕೆ ಏನೇನು ಹಾಕ್ತಿದ್ಳು ಅಂತ ಈಗ ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ."