ಬಾಯಿಗೆ ಅಡ್ಡ ಹಿಡಿದ ಹಾಳೆ

ಅಮೆರಿಕನ್ ಫುಟ್‌ಬಾಲ್ ಪಂದ್ಯ. ಗೆಲ್ಲಲು ಚೆಂಡು ಇನ್ನು ಮೂರು ಗಜ ದಾಟಬೇಕು, ಉಳಿದದ್ದು ನಾಲ್ಕೇ ಸೆಕೆಂಡು. ಎದುರಾಳಿಗಳು ತುಟಿ ಓದಿಬಿಟ್ಟಾರೆಂದು ಕೋಚ್ ಹ್ಯಾಸ್ಕೆಟ್ ಎಂದಿನಂತೆ ತನ್ನ ತಂತ್ರಗಳ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು, "ನಲವತ್ತೊಂದು. ಎಡಕ್ಕೆ ಎಸಿ," ಎಂದ.

ಚೆಂಡನ್ನು ಎಸೆಯುವ ಇಲ್ಲವೇ ತಾನೇ ಹಿಡಿದು ಓಡುವ, ಕಾಲೇಜು ತಂಡದ ಕ್ವಾರ್ಟರ್‌ಬ್ಯಾಕ್ ಟವಾರಿಸ್ ಕದಲಲಿಲ್ಲ. "ಎರಡು ಸಲ ಎಸೆದೆ ಕೋಚ್. ಎರಡೂ ನೆಲಕ್ಕೇ ಬಿತ್ತು."

"ಇಪ್ಪತ್ತು ವರ್ಷದಿಂದ ಗೆಲ್ಲಿಸ್ತಿರೋ ತಂತ್ರ ಕಣೋ ಅದು!"

"ಆಗ ಎಸೆಯೋರಿದ್ರು. ನಾನು ಓಡೋನು. ಇವತ್ತು ನನ್ನ ಒಬ್ಬನಾದ್ರೂ ಹಿಡಿದ್ನಾ, ಹೇಳಿ?"

ರೆಫರಿ ಸೀಟಿ ಊದಿದ. ಹ್ಯಾಸ್ಕೆಟ್ ಹಾಳೆಯ ಮೇಲೆ ಕಣ್ಣಾಡಿಸಿದ. ಅದರಲ್ಲಿದ್ದ ಇನ್ನೂರು ತಂತ್ರಗಳಲ್ಲಿ ಈ ಹುಡುಗನ ಕಾಲಿಗೆಂದು ಬರೆದದ್ದು ಒಂದೂ ಇರಲಿಲ್ಲ.

ಅವನು ಹಾಳೆಯನ್ನು ಕೆಳಗಿಳಿಸಿದ. ಎದುರು ತಂಡದ ಕೋಚನ್ನೇ ದಿಟ್ಟಿಸುತ್ತ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ: "ಓಡೋ ಮಗನೇ!"